ಮನೆದೇವರ ಪಾಸ್‌ವರ್ಡು

ಟೈಪಿಂಗ್ ಮೇಡಂ ತೀರಿಕೊಂಡ ಒಂದು ವಾರಕ್ಕೆ ಅವರ ಮಗ ನನಗೆ ಫೋನ್ ಮಾಡಿದ. ಆಡಬೇಕಾದ ಮಾತನ್ನೆಲ್ಲ ಸಾವಿನ ದಿನವೇ ಆಡಿ ಮುಗಿಸಿದ್ದರಿಂದ ಇನ್ನೇನಿರಬಹುದು ಎಂದುಕೊಂಡೆ. ಅವನು ನೇರವಾಗಿ ವಿಷಯಕ್ಕೆ ಬಂದ.

“ಅಕ್ಕಾ, ಅಮ್ಮನ ಫೋನ್ ಓಪನ್ ಆಗ್ತಿಲ್ಲ. ಲಾಕ್ ಹಾಕೋದು ಹೇಳ್ಕೊಟ್ಟಿದ್ದು ನೀವೇ ಅಂತೆ. ಪಾಸ್‌ವರ್ಡ್ ಏನಿಟ್ಟಿದ್ರು ಗೊತ್ತಾ?”

“ಮನೆದೇವರ ಹೆಸರು ಹಾಕಿ ನೋಡಿದ್ಯಾ?”

“ಅದನ್ನೇ ಮೊದ್ಲು ಹಾಕಿದ್ದು. ಆಗ್ಲಿಲ್ಲ.”

ನನಗೆ ನಗು ಬಂತು. ಸೂತಕದ ಮನೆಯವನ ಜೊತೆ ಮಾತಾಡುತ್ತ ನಗಬಾರದೆಂದು ತಡೆದುಕೊಂಡೆ. ತಿಥಿಗೆ ಬರ್ತೀನಲ್ಲ, ಆಗ ನೋಡೋಣ ಎಂದು ಫೋನಿಟ್ಟೆ. ಇಟ್ಟ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ, ನಗುತ್ತಲೇ ಅತ್ತೂಬಿಟ್ಟೆ.

ನಾನು ಮಾಕಳಿಗೆ ಬಂದದ್ದು ಮದುವೆಗೆ ಮುಂಚೆ, ತುಮಕೂರು ರಸ್ತೆಯ ಒಂದು ಪಂಪ್ ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಸಿಕ್ಕಿದಾಗ. ಆಫೀಸಿನಲ್ಲಿ ಇಂಟರ್ನೆಟ್ ಇದ್ದದ್ದು ಯಜಮಾನರ ಕೋಣೆಯಲ್ಲಿ ಮಾತ್ರ. ಹಾಗಾಗಿ ಸಂಜೆಯ ಹೊತ್ತು ನಾನು ಬಸ್ ಸ್ಟಾಪಿನ ಎದುರಿಗಿದ್ದ ಬೇಕರಿಯ ಮಹಡಿ ಹತ್ತುತ್ತಿದ್ದೆ. ಅಲ್ಲಿ ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಆಮೇಲೆ ಟೈಪ್‌ರೈಟರುಗಳನ್ನು ತೂಕಕ್ಕೆ ಹಾಕಿ ಐದಾರು ಕಂಪ್ಯೂಟರ್ ತಂದಿಟ್ಟಿದ್ದರು. ಬೋರ್ಡು ಮಾತ್ರ ಹಳೆಯದೇ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಸೈಬರ್ ಸೆಂಟರ್ ಸಹ ಇದೆ’ ಎಂದು ಬರೆಸಿದ್ದರು, ಹೋಟೆಲಿನವರು ‘ಮಜ್ಜಿಗೆಯೂ ದೊರೆಯುತ್ತದೆ’ ಎಂದು ಬರೆಸುವ ಹಾಗೆ. ಒಡತಿಗೆ ಟೈಪಿಂಗ್ ಮೇಡಂ ಎಂಬ ಹೆಸರೇ ಉಳಿಯಿತು. ಅವರ ನಿಜವಾದ ಹೆಸರು ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಇಲ್ಲಿ ನಾನೂ ಹೇಳುವುದಿಲ್ಲ.

ಇಂಟರ್ನೆಟ್ಟಿನಿಂದ ಹೊಟ್ಟೆ ಹೊರೆಯುತ್ತ ಇಂಟರ್ನೆಟ್ಟನ್ನು ಅಷ್ಟು ಬೈದವರನ್ನು ನಾನು ಬೇರೆ ಕಂಡಿಲ್ಲ. ಅವರ ಮೊದಲ ತಕರಾರು ಅಕ್ಷರ ಅಳಿಸುವ ಕೀ ಮೇಲೆ. “ಟೈಪ್‌ರೈಟರಲ್ಲಿ ಒಂದಕ್ಷರ ತಪ್ಪಿದ್ರೆ ಇಡೀ ಹಾಳೆ ಹೋಗ್ತಿತ್ತು. ಅದಕ್ಕೇ ಜನ ಮೊದ್ಲು ಯೋಚ್ನೆ ಮಾಡಿ ಆಮೇಲೆ ಕೈ ಇಡ್ತಿದ್ರು. ಈಗ ಕೈ ಮೊದ್ಲು, ತಲೆ ಆಮೇಲೆ,” ಎನ್ನುತ್ತಿದ್ದರು. ಹೀಗೆನ್ನುತ್ತ ಅದೇ ಕೀಯನ್ನು ಎಷ್ಟು ಜೋರಾಗಿ ಕುಟ್ಟುತ್ತಿದ್ದರೆಂದರೆ, ಅವರ ಕೀಬೋರ್ಡಿನಲ್ಲಿ ಎಲ್ಲಕ್ಕಿಂತ ಮೊದಲು ಸವೆದುಹೋದದ್ದು ಅದೇ. ಮೌಸ್ ಕಂಡರಂತೂ ಆಗುತ್ತಿರಲಿಲ್ಲ. ದೇವರು ಹತ್ತು ಬೆರಳು ಕೊಟ್ಟಿರುವಾಗ ಒಂದೇ ಬೆರಳಲ್ಲಿ ಟಿಕ್ ಟಿಕ್ ಅನ್ನಿಸುವುದು ಸೋಮಾರಿಗಳ ಲಕ್ಷಣ ಎಂಬುದು ಅವರ ತೀರ್ಮಾನ.

ನೆಟ್ ನಿಧಾನವಾದರೆ ಅದಕ್ಕೂ ಅವರ ಬಳಿ ಕಾರಣ ಸಿದ್ಧವಿರುತ್ತಿತ್ತು. “ಶಿಫ್ಟ್ ಬಿಟ್ಟಿದೆ ಕಣ್ರೀ, ಲೈನ್ ಫುಲ್ಲು.” ಪೀಣ್ಯದ ಫ್ಯಾಕ್ಟರಿಗಳು ಬಿಟ್ಟಾಗ ಬಸ್ಸು ತುಂಬುವಂತೆ ಇಂಟರ್ನೆಟ್ಟೂ ತುಂಬಿಕೊಳ್ಳುತ್ತದೆ, ಒಂದಷ್ಟು ಜನ ಇಳಿಯುವವರೆಗೆ ನಾವು ಕಾಯಬೇಕು ಎಂದು ಅವರು ತಿಳಿದಿದ್ದರು. ನಾನು ತಿಳಿದವರೊಬ್ಬರನ್ನು ಕೇಳಿದೆ. ಅದು ಅಷ್ಟೇನೂ ತಪ್ಪಲ್ಲವಂತೆ. ಅದನ್ನು ಮೇಡಂಗೆ ಹೇಳಲಿಲ್ಲ. ಹೇಳಿದ್ದರೆ ಆಮೇಲೆ ಅವರನ್ನು ಹಿಡಿಯುವವರು ಯಾರೂ ಇರುತ್ತಿರಲಿಲ್ಲ.

‘ಇದನ್ನು ಹತ್ತು ಜನರಿಗೆ ಕಳಿಸದಿದ್ದರೆ ಕೇಡಾಗುತ್ತದೆ’ ಎಂಬ ಮೇಲುಗಳು ಬಂದರೆ ಅವರಿಗೆ ಭಾರಿ ಖುಷಿ. “ನೋಡಿ, ಮೊದ್ಲು ಇದೇ ಕಾರ್ಡಲ್ಲಿ ಬರ್ತಿತ್ತು. ಪೋಸ್ಟ್‌ಮ್ಯಾನ್ ಕೆಲಸ ಹೋಯ್ತು ಅಷ್ಟೆ, ಬುದ್ಧಿ ಅದೇ,” ಎಂದು ಎಲ್ಲರಿಗೂ ತೋರಿಸಿ ಅಳಿಸಿಹಾಕುತ್ತಿದ್ದರು. ಅಳಿಸಿದ ಮೇಲೆ ಸದ್ದಿಲ್ಲದೆ ಎದ್ದುಹೋಗಿ ದೇವರ ಫೋಟೊದ ಮುಂದೆ ಒಂದು ಊದುಬತ್ತಿ ಹಚ್ಚಿ ಬರುತ್ತಿದ್ದರು. ಕಂಪ್ಯೂಟರಿಗೆ ಧೂಳು ಆಗದೆಂದು ನಮ್ಮ ಚಪ್ಪಲಿಗಳನ್ನು ಮೆಟ್ಟಿಲ ಮೇಲೇ ಬಿಡಿಸುತ್ತಿದ್ದವರು ಅವರು. ಆ ಊದುಬತ್ತಿಯ ಹೊಗೆ ಎಲ್ಲಿಗೆ ಹೋಗುತ್ತದೆಂದು ನಾವು ಕೇಳಲಿಲ್ಲ.

ಗುಟ್ಟು ಎಂಬುದನ್ನು ಅವರು ಒಪ್ಪುತ್ತಿರಲಿಲ್ಲ. ಬೇರೆ ಸೈಬರ್ ಸೆಂಟರುಗಳಲ್ಲಿ ಮರದ ಗೂಡು ಕಟ್ಟಿ ಪರದೆ ಇಳಿಬಿಟ್ಟಿದ್ದರೆ, ಇಲ್ಲಿ ಎಲ್ಲ ಕಂಪ್ಯೂಟರುಗಳ ಮುಖವೂ ಮೇಡಂ ಕುರ್ಚಿಯ ಕಡೆಗೇ. ಯಾರ ಮೇಲ್ ಬಂದರೂ ನಮಗಿಂತ ಮೊದಲು ಅವರು ಓದಿರುತ್ತಿದ್ದರು. “ನಿಮ್ಮ ಚಿಕ್ಕಪ್ಪಂಗೆ ಆಪರೇಷನ್ನಂತಲ್ಲ, ನೋಡ್ಕೊಂಡ್ ಬನ್ನಿ,” ಎಂದು ನಾನು ಕೂರುವ ಮೊದಲೇ ಹೇಳಿದ್ದುಂಟು. ಅದರಲ್ಲಿ ಕೆಟ್ಟ ಕುತೂಹಲವಿರಲಿಲ್ಲ. ಒಂದೇ ಮನೆಯಲ್ಲಿ ಬಂದ ಕಾಗದವನ್ನು ಯಾರು ಬೇಕಾದರೂ ಒಡೆದು ಓದುತ್ತಿದ್ದ ಕಾಲದವರು ಅವರು. ನಮ್ಮನ್ನೆಲ್ಲ ಒಂದೇ ಮನೆಯವರೆಂದುಕೊಂಡಿದ್ದರು.

ಇನ್ನು ಅವರ ಪಾಸ್‌ವರ್ಡಿನ ಪದ್ಧತಿ. ಮಾಕಳಿ ಸುತ್ತಿನ ಶೆಡ್ಡು, ಫ್ಯಾಕ್ಟರಿ, ಗಾರ್ಮೆಂಟ್ಸುಗಳಲ್ಲಿ ದುಡಿಯುತ್ತಿದ್ದವರಲ್ಲಿ ಬಹಳ ಮಂದಿಗೆ ಇಮೇಲ್ ಮಾಡಿಕೊಟ್ಟವರು ಇವರೇ. ಕೆಲಸಕ್ಕೆ ಅರ್ಜಿ ಹಾಕಲು ಅದು ಬೇಕಿತ್ತು. ಹೆಸರಿನ ಮುಂದೆ ಮಾಕಳಿ ಎಂದು ಸೇರಿಸಿದರೆ ವಿಳಾಸವಾಯಿತು. ಪಾಸ್‌ವರ್ಡಿಗೆ ಬಂದಾಗ ಮೇಡಂ ಒಂದೇ ಪ್ರಶ್ನೆ ಕೇಳುತ್ತಿದ್ದರು: “ನಿಮ್ಮನೆ ದೇವ್ರು ಯಾರಪ್ಪ?” ಮುನೇಶ್ವರ ಎಂದರೆ ಮುನೇಶ್ವರ, ಮಾರಮ್ಮ ಎಂದರೆ ಮಾರಮ್ಮ. ಕೊಪ್ಪಳದ ಕಡೆಯವರು ಬಂದರೆ ಹುಲಿಗೆಮ್ಮ. ಮೇಡಂ ಅವರದೇ ಪಾಸ್‌ವರ್ಡು ಲಕ್ಷ್ಮೀನರಸಿಂಹ. ಅಷ್ಟುದ್ದದ ಹೆಸರನ್ನು ಹತ್ತು ಬೆರಳಲ್ಲಿ ಒಂದೇ ಉಸಿರಿಗೆ ಹೊಡೆದು ನಮ್ಮ ಮುಖ ನೋಡುತ್ತಿದ್ದರು.

“ಎಲ್ಲಾರ್ಗೂ ಗೊತ್ತಿರೋದು ಪಾಸ್‌ವರ್ಡ್ ಹೆಂಗಾಗುತ್ತೆ ಮೇಡಂ?” ಎಂದು ಒಮ್ಮೆ ಕೇಳಿದೆ.

“ಮರೀದೇ ಇರೋದು ಮುಖ್ಯ ಕಣಮ್ಮ. ಮನೆದೇವ್ರನ್ನ ಯಾರಾದ್ರೂ ಮರೀತಾರಾ?”

“ಮನೆಯವ್ರು ಯಾರಾದ್ರೂ ತೆಗೆದು ಓದ್ಬಿಟ್ರೆ?”

“ಓದ್ಲಿ ಬಿಡಿ. ಮನೆಯವ್ರು ತಾನೆ.”

ಈ ಪದ್ಧತಿಯಿಂದ ಊರಿನವರ ಒಕ್ಕಲು, ಬಳಗವೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಮನೆದೇವರು ಒಂದೇ ಆದರೆ ಅಣ್ಣತಮ್ಮಂದಿರ ಸಾಲು, ಮದುವೆ ಕೂಡದು ಎನ್ನುವವರ ಪೈಕಿಯ ಒಬ್ಬ ಹುಡುಗ, ಒಬ್ಬ ಹುಡುಗಿ ಅಲ್ಲೇ ಪಕ್ಕಪಕ್ಕ ಕೂತು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದಾಗ, “ನಿಮ್ಮಿಬ್ರುದೂ ಪಾಸ್‌ವರ್ಡ್ ಒಂದೇ, ಸುಮ್ನಿರಿ,” ಎಂದು ಗದರಿದ್ದರು.

ಅವರಿಂದ ಅರ್ಜಿ ಬರೆಸಿದವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ರಜೆ ಬೇಕೆಂದಿರಲಿ, ಕೆಲಸ ಬಿಡುತ್ತೇನೆಂದಿರಲಿ, ಬಾಡಿಗೆ ಮನೆ ಖಾಲಿ ಮಾಡುವುದಿರಲಿ, ಅವರ ಎಲ್ಲ ಪತ್ರಗಳೂ ‘ಅನಿವಾರ್ಯ ಕಾರಣಗಳಿಂದ’ ಎಂದೇ ಶುರುವಾಗುತ್ತಿದ್ದವು. ಇಂಗ್ಲಿಷಿನಲ್ಲಾದರೆ ಅದರದೇ ಇಂಗ್ಲಿಷ್. ಟೈಪಿಂಗ್ ಪರೀಕ್ಷೆಗೆ ಓದುವಾಗ ಕಲಿತ ಸಾಲಂತೆ. ತಂಗಿಯ ಮದುವೆಗೆ ರಜೆ ಕೇಳಿ ನಾನು ಕೊಟ್ಟ ಪತ್ರದಲ್ಲೂ ಅದಿತ್ತು. ನಮ್ಮ ಮ್ಯಾನೇಜರ್ ಓದಿ, “ಏನ್ರೀ, ಮಾಕಳಿಲಿ ಎಲ್ಲರ್ಗೂ ಒಂದೇ ಕಾರಣಾನಾ?” ಎಂದಿದ್ದರು.

ನೀಲವ್ವ ಬಂದದ್ದು ಆ ಕಾಲದಲ್ಲಿ. ಕೊಪ್ಪಳದ ಕಡೆಯ ಹುಡುಗಿ. ಪಿಯುಸಿ ಮುಗಿಸಿ ಅಣ್ಣನ ಜೊತೆ ಬಂದು ಒಂದು ಔಷಧಿ ಫ್ಯಾಕ್ಟರಿಯಲ್ಲಿ ಡಬ್ಬ ತುಂಬುವ ಕೆಲಸ ಮಾಡುತ್ತಿದ್ದಳು. ಅಣ್ಣ ಎರಕದ ಫ್ಯಾಕ್ಟರಿಯಲ್ಲಿದ್ದ. ಇಬ್ಬರದೂ ಒಂದೇ ಬಾಡಿಗೆ ಕೋಣೆ. ಅವಳಿಗೆ ನರ್ಸ್ ಆಗಬೇಕೆಂಬ ಒಂದೇ ಆಸೆ. ಆನೇಕಲ್ ಕಡೆಯ ಒಂದು ಆಸ್ಪತ್ರೆಯವರು ಹಾಸ್ಟೆಲ್ ಕೊಟ್ಟು ತರಬೇತಿ ಕೊಡುತ್ತಾರೆಂದು ಮೇಡಂ ಕೈಲೇ ಅರ್ಜಿ ಹಾಕಿಸಿದ್ದಳು. ದಿನಾ ಶಿಫ್ಟ್ ಮುಗಿಸಿ ಮೆಟ್ಟಿಲ ಮೇಲಿಂದಲೇ ಕೇಳುತ್ತಿದ್ದಳು, “ಮೇಡಂ, ಪತ್ರ ಬಂತೇನ್ರಿ?” ಮೇಡಂ ಕೂತಲ್ಲಿಂದಲೇ ತಲೆಯಾಡಿಸುತ್ತಿದ್ದರು. ಆ ಹುಡುಗಿಗೆ ಸೀಟು ಸಿಗಲೆಂದು ಮೇಡಂ ಹರಕೆಯನ್ನೂ ಹೊತ್ತಿದ್ದರೆಂದು ನನಗೆ ಗೊತ್ತು.

ಮೇಡಂ ಒಂದು ವಾರ ನೆಂಟರ ಮದುವೆಗೆ ಹೋಗಿದ್ದರಿಂದ ಸೆಂಟರ್ ಮುಚ್ಚಿತ್ತು. ವಾಪಸು ಬಂದು ಬಾಗಿಲು ತೆಗೆದದ್ದು ಒಂದು ಭಾನುವಾರ. ಅಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನು ನೀಲವ್ವನ ಅಣ್ಣ. ತನ್ನ ಮೇಲ್ ನೋಡಿ ಮುಗಿಸಿದ ಮೇಲೆ ತಂಗಿಯದನ್ನೂ ತೆಗೆದ. ಅವನಿಗೆ ಕಷ್ಟವೇನಾಗಲಿಲ್ಲ. ತಂಗಿಯ ಹೆಸರು, ಮುಂದೆ ಮಾಕಳಿ, ಆಮೇಲೆ ಹುಲಿಗೆಮ್ಮ. ಆಸ್ಪತ್ರೆಯ ಪತ್ರ ಬಂದಿತ್ತು: ಸೀಟು ಸಿಕ್ಕಿದೆ, ಬರುತ್ತೀರೋ ಇಲ್ಲವೋ ಕೂಡಲೇ ತಿಳಿಸಿ. ಅವನು ಅರ್ಧ ಅರ್ಥ ಮಾಡಿಕೊಂಡು, ಉಳಿದರ್ಧವನ್ನು ಮೇಡಂ ಕೈಲೇ ಓದಿಸಿದ. ಆಮೇಲೆ ಹೇಳಿದ, “ಬರಂಗಿಲ್ಲ ಅಂತ ಬರೀರಿ ಮೇಡಂ. ನಮ್ಮ ಸೋದರತ್ತಿ ಮಗನ ಜೊತಿ ಮದುವಿ ಮಾತಾಗೇತಿ. ಹಾಸ್ಟೆಲ್ನ್ಯಾಗ ಬಿಡಾಕ ನಮ್ಮವ್ವ ಒಪ್ಪಂಗಿಲ್ಲ.”

ಮೇಡಂಗೆ ಬೇಸರವಾಯಿತಂತೆ. ಆದರೂ ಅಣ್ಣನೇ ಬಂದು ಹೇಳುತ್ತಿದ್ದಾನೆ, ಮನೆಯವರೆಲ್ಲ ಕೂತು ಮಾತಾಡಿರುತ್ತಾರೆ ಎಂದುಕೊಂಡು ಹತ್ತು ಬೆರಳಲ್ಲಿ ಟೈಪ್ ಮಾಡಿ ಕಳಿಸಿಬಿಟ್ಟರು.

ಸೋಮವಾರ ಸಂಜೆ ನೀಲವ್ವ ಮೆಟ್ಟಿಲ ಮೇಲಿಂದ ಎಂದಿನಂತೆ ಕೇಳಿದಾಗ ನಾನು ಅಲ್ಲೇ ಇದ್ದೆ. ಮೇಡಂ ತಲೆಯಾಡಿಸಲಿಲ್ಲ. “ಯಾಕಮ್ಮ, ನಿಮ್ಮಣ್ಣ ಹೇಳ್ಲಿಲ್ವಾ?” ಎಂದರು. ಹುಡುಗಿ ಓಡಿಬಂದು ಕೂತು ಮೇಲ್ ತೆಗೆದಳು. ಆಸ್ಪತ್ರೆಯ ಪತ್ರ ಓದಿದಳು, ಮುಖ ಅರಳಿತು. ಅದರ ಕೆಳಗಿನ ಉತ್ತರ ಓದಿದಳು. ಅದನ್ನು ಇನ್ನೊಮ್ಮೆ ಓದಿ, ಮೇಡಂ ಕಡೆ ತಿರುಗಿದಳು.

“ಮೇಡಂ, ಈ ಮೊದಲನೇ ಸಾಲು ನನ್ನ ರಜಾ ಅರ್ಜಿಯೊಳಗೂ ಐತ್ರಿ. ಇದು ನಿಮ್ದ ಐತಲ್ರಿ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮೇಡಂಗೆ ಸುಲಭವಾಗುತ್ತಿತ್ತು; ಜಗಳದಲ್ಲಿ ಅವರನ್ನು ಗೆದ್ದವರಿಲ್ಲ. ಅಂದು ಅವರ ಕೈ ತನ್ನಷ್ಟಕ್ಕೆ ಆ ಅಳಿಸುವ ಕೀ ಮೇಲೆ ಹೋಯಿತು. ಕಳಿಸಿದ ಮೇಲೆ ಅದು ಕೆಲಸಕ್ಕೆ ಬರುವುದಿಲ್ಲವೆಂದು ನಮಗೆಲ್ಲ ಹೇಳುತ್ತಿದ್ದವರೇ ಅವರು. ನನಗೆ ಅವರನ್ನು ನೋಡಲಾಗಲಿಲ್ಲ.

ಮಾರನೇ ದಿನ ಸೆಂಟರಿಗೆ ಬೀಗ. ಬೆಳಿಗ್ಗೆಯೇ ನೀಲವ್ವನನ್ನು ಕರೆದುಕೊಂಡು ಮೂರು ಬಸ್ಸು ಬದಲಾಯಿಸಿ ಊರಿನ ಆ ತುದಿಯ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ನಡೆದದ್ದನ್ನು ನೀಲವ್ವ ಆಮೇಲೆ ಹೇಳಿದಳು. ಆಫೀಸಿನವರು, ಬರುವುದಿಲ್ಲವೆಂದು ನೀವೇ ಬರೆದಿದ್ದೀರಲ್ಲ, ಆ ಸೀಟು ಬೇರೆಯವರಿಗೆ ಹೋಯಿತು ಎಂದರಂತೆ. ಆಗ ಮೇಡಂ, “ಅವಳು ಬರ್ದಿಲ್ಲ ಸಾರ್. ಬರ್ದಿದ್ದು ನಾನು. ಅವಳನ್ನ ಒಂದು ಮಾತು ಕೇಳ್ಲಿಲ್ಲ. ಶಿಕ್ಷೆ ಕೊಡೋದಾದ್ರೆ ನಂಗೆ ಕೊಡಿ,” ಎಂದು ಬೆಂಚಿನ ಮೇಲೆ ಕೂತುಬಿಟ್ಟರಂತೆ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲವಂತೆ. ಕೊನೆಗೆ ಮೇಲಿನವರೊಬ್ಬರು ಬಂದು, ಮುಂದಿನ ಬ್ಯಾಚಿಗೆ ಈ ಹುಡುಗಿಯ ಹೆಸರು ಮೊದಲು ಇರುತ್ತದೆ, ಆಗ ಮತ್ತೆ ಮೇಲ್ ಕಳಿಸುತ್ತೇವೆ, ಈಗ ಮನೆಗೆ ಹೋಗಿ ತಾಯಿ ಎಂದು ಕೈ ಮುಗಿದರಂತೆ.

ಅಂದರೆ ಇನ್ನೊಂದು ಮೇಲ್ ಬರುವುದಿತ್ತು. ಅದು ನೀಲವ್ವನ ಕೈಗೇ ಬರಬೇಕಿತ್ತು.

ಬುಧವಾರ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ನಾನು ಇಣುಕಿದಾಗ ಮೇಡಂ ತಮ್ಮ ಮಗನನ್ನು ಕಾಲೇಜಿಗೆ ಹೋಗದಂತೆ ತಡೆದು ಒಂದು ಟೇಬಲ್ ಎಳೆಸುತ್ತಿದ್ದರು. ಕಿಟಕಿ ಪಕ್ಕದ ಕಂಪ್ಯೂಟರನ್ನು ಮೂಲೆಗೆ ತಂದು, ಮುಖ ಗೋಡೆ ಕಡೆಗೆ ಬರುವಂತೆ ತಿರುಗಿಸಿದರು. ಮೇಡಂ ಕುರ್ಚಿಯಿಂದ ನೋಡಿದರೆ ಇನ್ನು ಅದರ ಬೆನ್ನು ಮಾತ್ರ ಕಾಣುತ್ತಿತ್ತು. “ಹೀಗಿಟ್ರೆ ಏನ್ ನೋಡ್ತಾರೆ ಅಂತ ನಿಂಗೆ ಹೆಂಗಮ್ಮ ಗೊತ್ತಾಗುತ್ತೆ?” ಎಂದು ಮಗ ಕೇಳಿದ. “ಗೊತ್ತಾಗ್ಬಾರ್ದು,” ಎಂದರು.

ಸಂಜೆ ನೀಲವ್ವನನ್ನು ಅಲ್ಲಿ ಕೂರಿಸಿ ಹೊಸ ಮೇಲ್ ಮಾಡಿಸಿದರು. ಪಾಸ್‌ವರ್ಡಿನ ಜಾಗ ಬಂದಾಗ ಎದ್ದು ಕಿಟಕಿಗೆ ಹೋಗಿ ನಿಂತರು. ಬೆನ್ನು ನಮ್ಮ ಕಡೆ, ಮುಖ ತುಮಕೂರು ರಸ್ತೆಯ ಲಾರಿಗಳ ಕಡೆ. “ಯಾರಿಗೂ ಹೇಳದೇ ಇರೋದು ಏನಾದ್ರೂ ಹಾಕಮ್ಮ. ದೇವ್ರು ಬೇಡ. ಊರು ಬೇಡ. ನಂಗೂ ಹೇಳ್ಬೇಡ,” ಎಂದರು. ನೀಲವ್ವ ಯೋಚಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ‘ಆತ್ರಿ’ ಎಂದು ಅವಳು ಹೇಳುವವರೆಗೂ ಮೇಡಂ ತಿರುಗಲಿಲ್ಲ. ಬೇರೆಯವರ ಪರದೆ ನೋಡದೆ ಅಷ್ಟು ಹೊತ್ತು ನಿಲ್ಲುವುದು ಅವರಿಗೆ ಎಷ್ಟು ಕಷ್ಟವಾಗಿತ್ತೆಂದು ಅವರ ಹೆಗಲು ನೋಡಿದರೇ ತಿಳಿಯುತ್ತಿತ್ತು.

ಅಣ್ಣ ಮುಂದಿನ ಭಾನುವಾರ ಬಂದು ರೇಗಾಡಿದ. “ನನ್ನ ತಂಗಿ ಪತ್ರ ನಾ ನೋಡಬಾರದೇನ್ರಿ?”

“ನಿನ್ನ ಪತ್ರ ಅವಳು ನೋಡಿದ್ಲಾ?” ಎಂದರು ಮೇಡಂ.

ಅವನು ಕೆಟ್ಟವನಲ್ಲ. ಕೆಳಗಿಳಿದು ಬೇಕರಿಯಲ್ಲಿ ಟೀ ಕುಡಿದು ಹೋದ. ಮೊದಲು ಓದು ಎಂದು ಮಾತು ಮುಗಿಯಲು ತಿಂಗಳುಗಳೇ ಹಿಡಿದವು. ಊರಿಂದ ಅವ್ವ ಬಂದಳು, ಅವಳ ಜೊತೆಗೂ ಮೇಡಂ ಕೂತು ಮಾತಾಡಿದರು. ಆಸ್ಪತ್ರೆಗೆ ತಿಳಿಸಿದ್ದ ಆ ಹೊಸ ವಿಳಾಸಕ್ಕೆ ಎರಡನೇ ಮೇಲ್ ಬಂದ ದಿನ ಅದನ್ನು ಓದಿದ್ದು ನೀಲವ್ವ ಒಬ್ಬಳೇ. ಓದಿ, ಗೋಡೆ ಕಡೆಯ ಆ ಕಂಪ್ಯೂಟರಿನ ಹಿಂದಿನಿಂದ ತಲೆಯೆತ್ತಿ, “ಬಂತ್ರಿ ಮೇಡಂ,” ಎಂದಳು. ಉತ್ತರವನ್ನು ಅವಳೇ ಬರೆದಳು. ಹಾಸ್ಟೆಲಿಗೆ ಬಿಡಲು ಟ್ರಂಕು ಹೊತ್ತುಕೊಂಡು ಹೋದವನು ಅಣ್ಣನೇ.

ಆಮೇಲೆ ಮೇಡಂ ಎಲ್ಲರ ಪಾಸ್‌ವರ್ಡನ್ನೂ ಬದಲಿಸಲು ಹೊರಟರು. ಹಟ ಹಿಡಿದರೆ ಅವರು ಹಾಗೆಯೇ. ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುತ್ತಿದ್ದ ಒಬ್ಬ ನಡುವಯಸ್ಸಿನ ಹೆಂಗಸು ಆ ಮೂಲೆಯಲ್ಲಿ ಕೂತು ಏನೂ ಹೊಳೆಯದೆ ಒದ್ದಾಡಿದ್ದು ನನಗೆ ನೆನಪಿದೆ. “ಯಾರ್ಗೂ ಗೊತ್ತಿಲ್ದೇ ಇರೋದು ನಂದೇನೈತೆ ಮೇಡಂ? ಗಂಡ, ಮಕ್ಳು, ಮನೆ. ಎಲ್ಲಾ ಎಲ್ಲಾರ್ಗೂ ಗೊತ್ತಲ್ಲ.”

“ಇರುತ್ತಮ್ಮ. ಯೋಚ್ನೆ ಮಾಡು. ನಿಂಗೆ ಟೈಮ್ ಲೆಕ್ಕ ಹಿಡಿದು ದುಡ್ಡು ಕೇಳಲ್ಲ,” ಎಂದು ಮೇಡಂ ಕಿಟಕಿಯತ್ತ ತಿರುಗಿಯೇ ಹೇಳಿದರು. ಬಹಳ ಹೊತ್ತಾದ ಮೇಲೆ ಆ ಹೆಂಗಸು ಏನನ್ನೋ ಒತ್ತಿದಳು. ಅವಳ ಮುಖದಲ್ಲಿ ಅಂಥ ನಗೆಯನ್ನು ನಾನು ಮೊದಲು ಕಂಡಿರಲಿಲ್ಲ. ಅದೇನೆಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಹೊಸ ಪದ್ಧತಿ ಸುಸೂತ್ರವಾಗೇನೂ ನಡೆಯಲಿಲ್ಲ. ಅರ್ಧ ಜನ ಪಾಸ್‌ವರ್ಡು ಮರೆತು ಮತ್ತೆ ಮತ್ತೆ ಹೊಸ ಮೇಲ್ ಮಾಡಿಸಿಕೊಂಡರು. “ಮನೆದೇವ್ರೇ ವಾಸಿಯಾಗಿತ್ತು,” ಎಂದು ಮೇಡಂ ಗೊಣಗಿ, ಗೊಣಗುತ್ತಲೇ ಎದ್ದು ಕಿಟಕಿಗೆ ಹೋಗುತ್ತಿದ್ದರು. ‘ಅನಿವಾರ್ಯ ಕಾರಣಗಳಿಂದ’ ಎಂಬ ಸಾಲನ್ನು ಮಾತ್ರ ಆಮೇಲೆ ಅವರು ಯಾರಿಗೂ ಟೈಪ್ ಮಾಡಿಕೊಡಲಿಲ್ಲ. “ಕಾರಣ ಏನು, ಅದನ್ನ ಹೇಳಿ,” ಎನ್ನುತ್ತಿದ್ದರು. ನನ್ನ ಮುಂದಿನ ರಜೆ ಅರ್ಜಿಯಲ್ಲಿ ‘ಹುಡುಗನನ್ನು ನೋಡಲು ಹೋಗಬೇಕಾಗಿರುವುದರಿಂದ’ ಎಂದು ಅಚ್ಚಾಗಿ, ಆಫೀಸಿಡೀ ನನ್ನನ್ನು ಒಂದು ತಿಂಗಳು ಗೋಳು ಹೊಯ್ದುಕೊಂಡಿತು.

ಎಲ್ಲರ ಕೈಗೂ ಫೋನ್ ಬಂದ ಮೇಲೆ ಸೆಂಟರ್ ಮುಚ್ಚಿತು. ಅಲ್ಲಿ ಈಗ ಮಗ ಬೇರಿಂಗ್ ಅಂಗಡಿ ಇಟ್ಟಿದ್ದಾನೆ. ನಾನು ಮದುವೆಯಾಗಿ ವರ್ತೂರಿನ ಕಡೆ ಹೋದರೂ ವರ್ಷಕ್ಕೊಂದೆರಡು ಸಲ ಮಾಕಳಿಗೆ ಹೋಗುತ್ತಿದ್ದೆ. ಕೊನೆಯ ಸಲ ಹೋದಾಗ ಮಗ ಅವರಿಗೆ ಹೊಸ ಫೋನ್ ತಂದುಕೊಟ್ಟಿದ್ದ. “ಹತ್ತು ಬೆರಳು ಪಳಗಿಸಿದ್ದು ಇದನ್ನ ಹೆಬ್ಬೆರಳಲ್ಲಿ ತಿವಿಯೋಕಾ?” ಎಂದು ಶುರುಮಾಡಿದರು. ಕೀ ಒತ್ತಿದಾಗ ಬರುವ ಸದ್ದನ್ನು ಪೂರ್ತಿ ಜೋರಾಗಿ ಇಟ್ಟುಕೊಂಡಿದ್ದರು. ಸದ್ದಿಲ್ಲದೆ ಹೊಡೆದದ್ದು ಟೈಪಿಂಗೇ ಅಲ್ಲವಂತೆ. ಬೈದು ಮುಗಿಸಿ, ಇದಕ್ಕೆ ಲಾಕ್ ಹಾಕೋದು ಹೇಳಿಕೊಡು ಎಂದರು. ಹೇಳಿಕೊಟ್ಟೆ. ಪಾಸ್‌ವರ್ಡಿನ ಜಾಗ ಬಂತು. ನಾನು ಯೋಚಿಸದೆಯೇ ಎದ್ದು ಕಿಟಕಿಗೆ ಹೋಗಿ ಬೀದಿ ನೋಡುತ್ತ ನಿಂತೆ. ಹಿಂದಿನಿಂದ ಟಕ್, ಟಕ್ ಎಂಬ ಸದ್ದು ನಿಧಾನವಾಗಿ ಬರುತ್ತಿತ್ತು.

“ಆಯ್ತು,” ಎಂದರು.

“ಮನೆದೇವ್ರಲ್ಲ ತಾನೆ?”

“ಹೋಗೇ,” ಎಂದು ನಕ್ಕರು. ಅದೇ ನಾನು ಕಂಡ ಅವರ ಕೊನೆಯ ನಗು.

ತಿಥಿಯ ದಿನ ನಾನು ಹೋದಾಗ ನಡುಮನೆಯಲ್ಲಿ ಆ ಫೋನು ಕೈಯಿಂದ ಕೈಗೆ ಓಡಾಡುತ್ತಿತ್ತು. ಹುಟ್ಟಿದ ದಿನ, ಗಂಡನ ಹೆಸರು, ಮೊಮ್ಮಗಳ ಹೆಸರು, ಎಲ್ಲ ಆಗಿತ್ತು. ಯಾರೋ ಟೈಪ್‌ರೈಟರಿನ ಕಂಪನಿ ಹೆಸರನ್ನೂ ಹಾಕಿ ನೋಡಿದ್ದರು. ಮಗ ಅದನ್ನು ತಂದು ನನ್ನ ಕೈಗಿಟ್ಟ.

“ನೀವು ಪಕ್ಕದಲ್ಲೇ ಇದ್ರಲ್ಲಕ್ಕಾ. ನೋಡಿರ್ತೀರ.”

“ನಾನು ಬೀದಿ ಕಡೆ ತಿರುಗಿ ನಿಂತಿದ್ದೆ ಕಣಪ್ಪ.”

ಅವನು ಎಲ್ಲರೆದುರಿಗೇ ಕೇಳಿದ, “ಅಮ್ಮಂಗೆ ನಮ್ಮಿಂದ ಮುಚ್ಚಿಡೋಂಥದ್ದು ಏನಿತ್ತಕ್ಕಾ?” ಅವನಿಗೆ ನೋವಾಗಿತ್ತು. ಫೋನಿನೊಳಗೆ ಏನಿದೆ ಎನ್ನುವುದಕ್ಕಿಂತ, ತಾಯಿ ತನಗೊಂದು ಮಾತು ಹೇಳದೆ ಹೋದಳಲ್ಲ ಎನ್ನುವುದೇ ಅವನನ್ನು ಕೊರೆಯುತ್ತಿತ್ತು.

“ಏನೂ ಇರಲ್ಲ ಕಣೋ. ನಾಲ್ಕು ಫೋಟೊ, ಒಂದಿಷ್ಟು ಭಜನೆ ಇರ್ಬಹುದು.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಬಾಯಿಗೆ ಬಂದದ್ದು ಒಂದೇ.

“ಅನಿವಾರ್ಯ ಕಾರಣಗಳಿಂದ,” ಎಂದೆ.

ಮೊದಲು ನಕ್ಕಿದ್ದು ಮೂಲೆಯಲ್ಲಿ ಕೂತಿದ್ದ ನೀಲವ್ವ. ಈಗ ಒಂದು ದೊಡ್ಡ ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು. ನಗುತ್ತ ನಗುತ್ತ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಮಗನೂ ನಕ್ಕ, ಕಣ್ಣೊರೆಸಿಕೊಂಡ. ಒಳಗಿಂದ ಎಲೆ ಹಾಕಿದೆ ಏಳಿ ಎಂದು ಕೂಗಿದರು.

ಅವನು ನನ್ನ ಕೈಯಿಂದ ಫೋನ್ ತೆಗೆದುಕೊಂಡ. ಅಷ್ಟೂ ಜನ ಮುಟ್ಟಿ ಜಿಡ್ಡಾಗಿದ್ದ ಅದನ್ನು ಪಂಚೆಯ ತುದಿಯಿಂದ ಒರೆಸಿ, ಅಮ್ಮನ ಫೋಟೊದ ಪಕ್ಕದಲ್ಲಿ ನಿಲ್ಲಿಸಿದ. ಊಟಕ್ಕೆ ಹೋಗುವವನು ಮತ್ತೆ ಹಿಂದಕ್ಕೆ ಬಂದು, ಅದರ ಮುಖವನ್ನು ಗೋಡೆ ಕಡೆಗೆ ತಿರುಗಿಸಿಟ್ಟ.